ಶಾಸನದ ಚಿತ್ರ ಕಳಿಸಲು ಎಐ ಡಿಕೋಡರೋ, ಎವಿಐಎಫ್ಫೋ?

ಕಲ್ಲಿನ ಮೇಲಿನ ಬರಹದ ಫೋಟೊ ತೆಗೆದು, ಸಿಗ್ನಲ್ ಸರಿಯಾಗಿ ಸಿಗದ ಊರುಗಳಿಂದ ಇನ್ನೊಬ್ಬರಿಗೆ ಓದಲು ಕಳಿಸುವವರು, ಕುಗ್ಗಿಸಿ ಕಳಿಸಿದ ಚಿತ್ರವನ್ನು ಬಿಡಿಸಿ ತೋರಿಸುವ ಕೃತಕ ಬುದ್ಧಿಮತ್ತೆಯ ಡಿಕೋಡರುಗಳ ಮೇಲೆ ದುಡ್ಡು ಹಾಕಬೇಕಾಗಿಲ್ಲ, ಚಿತ್ರವನ್ನು ಕುಗ್ಗಿಸಿಡುವ, ಯಾವ ಖರ್ಚೂ ಇಲ್ಲದ ಎವಿಐಎಫ್ ಎಂಬ ವಿಧಾನ ಸಾಕು ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಗ್ರಾಫಿಕ್ಸ್ ಕಾರ್ಡೊಂದಕ್ಕೆ 26,000 ರೂಪಾಯಿ ಕೊಟ್ಟು, ಅದರ ಹಸಿವಿಗೆ ಹಳೆಯ ಪವರ್ ಸಪ್ಲೈ ಸಾಲದೆ ಹೊಸದಕ್ಕೆ ಮತ್ತೆ 4,500 ರೂಪಾಯಿ ಕೊಟ್ಟು, ಹನ್ನೊಂದು ತಿಂಗಳು ಹೆಣಗಾಡಿದ ಮೇಲೆ ಈ ಮಾತು ಹೇಳುತ್ತಿರುವುದರಿಂದ ಹೋಲಿಕೆಯಲ್ಲಿ ಸ್ವಲ್ಪ ಕಹಿ ಬೆರೆತಿದ್ದರೆ ಓದುಗರು ಮನ್ನಿಸಬೇಕು.

ನನ್ನ ಹವ್ಯಾಸದ ಸ್ವರೂಪ ಹೀಗಿದೆ. ಸೊರಬ, ಸಾಗರ ತಾಲ್ಲೂಕುಗಳಲ್ಲಿ ದೇವಸ್ಥಾನದ ಹಿಂಬದಿ, ಕೆರೆಯ ಏರಿ, ಅಡಿಕೆ ತೋಟದ ಬೇಲಿ ಎಂದು ಎಲ್ಲೆಂದರಲ್ಲಿ ನಿಂತಿರುವ ವೀರಗಲ್ಲು, ಮಾಸ್ತಿಗಲ್ಲುಗಳನ್ನು ರಜೆಯ ದಿನಗಳಲ್ಲಿ ಹುಡುಕಿ ಫೋಟೊ ತೆಗೆಯುತ್ತೇನೆ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟ 1904ರಲ್ಲಿ ಹೊರಬಂದಾಗಲೇ ಈ ಸೀಮೆಯ ಶಾಸನಗಳು ದೊಡ್ಡ ಸಂಖ್ಯೆಯಲ್ಲಿ ಅಚ್ಚಾಗಿದ್ದರೂ, ಅಂದು ಕಣ್ಣಿಗೆ ಬೀಳದೆ ಉಳಿದ ಕಲ್ಲುಗಳು ಇಂದಿಗೂ ಸಿಗುತ್ತಲೇ ಇವೆ. ಓದುವ ವಿದ್ಯೆ ನನ್ನದಲ್ಲ. ಅದು ಮೈಸೂರಿನಲ್ಲಿರುವ, ಎಪ್ಪತ್ತೆಂಟು ದಾಟಿದ ನಿವೃತ್ತ ಅಧ್ಯಾಪಕರೊಬ್ಬರದು. ಅವರನ್ನು ನಾನು ಮೇಷ್ಟ್ರು ಎಂದೇ ಕರೆಯುವುದು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ನಾನು ಚಿತ್ರ ಕಳಿಸಿದ ಅರ್ಧ ಗಂಟೆಯೊಳಗೆ ಅವರು ಫೋನ್ ಮಾಡಿ, "ಮೂರನೆಯ ಸಾಲಿನ ಕೊನೆಗೆ ಬೆಳಕು ಬಲಗಡೆಯಿಂದ ಬರುವಂತೆ ಇನ್ನೊಂದು ತೆಗಿ" ಎಂದರೆ, ನಾನಿನ್ನೂ ಕಲ್ಲಿನ ಬಳಿಯೇ ಇರುತ್ತೇನೆ, ಟಾರ್ಚ್ ಹಿಡಿದು ಇನ್ನೊಂದು ತೆಗೆಯುತ್ತೇನೆ. ಮನೆಗೆ ಹೋಗಿ ನಿಧಾನವಾಗಿ ಕಳಿಸಿದರೆ ಈ ಅನುಕೂಲವಿಲ್ಲ, ಅದೇ ಕಲ್ಲಿಗಾಗಿ ಮತ್ತೆ ಅರವತ್ತು ಕಿಲೋಮೀಟರ್ ಬೈಕು ಓಡಿಸಬೇಕು. ಸ್ಥಳದಿಂದಲೇ ಚಿತ್ರ ಕಳಿಸಬೇಕೆಂಬ ಹಟ ಹುಟ್ಟಿದ್ದು ಈ ಕಾರಣಕ್ಕೆ.

ಆದರೆ ಆ ಹಳ್ಳಿಗಳಲ್ಲಿ ಎಷ್ಟೋ ಕಡೆ ಫೋನಿಗೆ ಹಳೆಯ ಎಡ್ಜ್ ಸಂಪರ್ಕವೇ ಗತಿ. ಸೆಕೆಂಡಿಗೆ 80 ಕಿಲೋಬಿಟ್ ಹೋಗುತ್ತದೆ ಎಂದು ಲೆಕ್ಕ ಹಿಡಿದರೆ, 4 ಎಂಬಿಯ ಒಂದು ಫೋಟೊ ಹೋಗಲು 400 ಸೆಕೆಂಡ್, ಅಂದರೆ ಆರೂವರೆ ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟು ಹೊತ್ತು ಸಿಗ್ನಲ್ ನಿಲ್ಲುವುದಿಲ್ಲ. ಮೆಸೇಜ್ ಆ್ಯಪ್‌ಗಳು ತಾವಾಗಿಯೇ ಚಿತ್ರವನ್ನು ಕುಗ್ಗಿಸಿ ಕಳಿಸುತ್ತವೆ, ನಿಜ. ಆದರೆ ಎಷ್ಟು ಕುಗ್ಗಿಸಬೇಕೆಂಬುದು ಅವುಗಳ ತೀರ್ಮಾನವೇ ಹೊರತು ನನ್ನದಲ್ಲ, ಹಾಗೆ ಹೋದ ಚಿತ್ರದಲ್ಲಿ ಸವೆದ ಅಕ್ಷರಗಳು ಉಳಿಯುವುದೂ ಇಲ್ಲ. ಹೀಗಾಗಿ ನಾನೇ ಕುಗ್ಗಿಸಿ, ಡಾಕ್ಯುಮೆಂಟ್ ರೂಪದಲ್ಲಿ ಕಳಿಸುವ ದಾರಿ ಹಿಡಿದೆ. ಒಂದು ಚಿತ್ರ 30ರಿಂದ 40 ಕೆಬಿಯೊಳಗೆ ಇಳಿದರೆ ನಾಲ್ಕು ಸೆಕೆಂಡಿನಲ್ಲಿ ಹೋಗುತ್ತದೆ. ಈ ಗುರಿಯನ್ನು ಇಟ್ಟುಕೊಂಡೇ ಎಲ್ಲವನ್ನೂ ಪರೀಕ್ಷಿಸಿದ್ದು.

ಹಳೆಯ ಸಂಕೋಚನಕ್ಕೂ ಜನರೇಟಿವ್ ಸಂಕೋಚನಕ್ಕೂ ಇರುವ ಭೇದವನ್ನು ಹೇಳದೆ ಮುಂದಿನ ಮಾತು ಅರ್ಥವಾಗದು. 1992ರ ಜೆಪೆಗ್ ಚಿತ್ರವನ್ನು 8 ಪಿಕ್ಸೆಲ್ ಉದ್ದ, 8 ಪಿಕ್ಸೆಲ್ ಅಗಲದ ಚೌಕಗಳಾಗಿ ಒಡೆದು, ಪ್ರತಿ ಚೌಕವನ್ನೂ ದೊಡ್ಡ ಅಲೆ, ಸಣ್ಣ ಅಲೆಗಳ ಮೊತ್ತವಾಗಿ ಬರೆದು, ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ಅಲೆಗಳನ್ನು ಒರಟಾಗಿ ದಾಖಲಿಸುತ್ತದೆ, ಇಲ್ಲವೇ ಕೈಬಿಡುತ್ತದೆ. ಇದರ ಬೆನ್ನೆಲುಬಾದ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಅನ್ನು 1974ರಲ್ಲಿ ಪ್ರಕಟಿಸಿದ ಮೂವರಲ್ಲಿ ಮೊದಲ ಹೆಸರು ನಾಸಿರ್ ಅಹ್ಮದ್ ಅವರದು. ಅವರು ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ಹೋದವರು. ಟಿ. ನಟರಾಜನ್, ಕೆ. ಆರ್. ರಾವ್ ಉಳಿದಿಬ್ಬರು. ಈ ಬಗೆಯ ಸಂಕೋಚನದಲ್ಲಿ ಕಳಿಸುವವನು ಏನನ್ನು ಬಿಟ್ಟನೋ ಅದು ಬಿಟ್ಟಂತೆಯೇ, ತೆರೆಯುವ ಕಡೆ ಅದರ ಜಾಗದಲ್ಲಿ ಮಸುಕು ಉಳಿಯುತ್ತದೆ. ಜನರೇಟಿವ್ ಬಗೆಯಲ್ಲಿ ಹಾಗಲ್ಲ. ಲಕ್ಷಾಂತರ ಚಿತ್ರಗಳನ್ನು ನೋಡಿ ಕಲಿತ ನರಜಾಲವೊಂದು ತೆರೆಯುವವರ ಕಂಪ್ಯೂಟರಿನಲ್ಲಿ ಕುಳಿತಿರುತ್ತದೆ, ಕಳಿಸುವವನು ಚಿತ್ರದ ಸಾರಾಂಶವನ್ನಷ್ಟೇ ಕಳಿಸುತ್ತಾನೆ, ಹುಲ್ಲು, ಕಲ್ಲು, ಬಟ್ಟೆ, ಕೂದಲು ಹೇಗಿರುತ್ತವೆಂದು ಮೊದಲೇ ಬಲ್ಲ ಆ ಜಾಲವು ಉಳಿದದ್ದನ್ನು ತಾನೇ ಬಿಡಿಸಿ ತುಂಬುತ್ತದೆ. ಅಂದರೆ ದಾರಿಯ ಹೊರೆಯನ್ನು ಇಳಿಸಿ, ತಲುಪುವ ಊರಿನ ಕಂಪ್ಯೂಟರಿನ ಮೇಲೆ ಹೊರಿಸುವ ಉಪಾಯವಿದು.

ಹೈಫಿಕ್: ನಾನು ಮರುಳಾದದ್ದು

2020ರಲ್ಲಿ ಫಾಬಿಯನ್ ಮೆಂಟ್ಸರ್ ಮತ್ತು ಗೂಗಲ್‌ನ ಅವರ ಸಹೋದ್ಯೋಗಿಗಳು ಪ್ರಕಟಿಸಿದ ಹೈಫಿಕ್ ಈ ದಾರಿಯಲ್ಲಿ ನನ್ನ ಕೈಗೆ ಸಿಕ್ಕ ಮೊದಲನೆಯದು. ಅದರ ಮೂರು ಮಾದರಿಗಳು ಪ್ರತಿ ಪಿಕ್ಸೆಲ್‌ಗೆ ಸುಮಾರು 0.45, 0.30 ಮತ್ತು 0.14 ಬಿಟ್ ಎಂಬ ಗುರಿಗೆ ತರಬೇತಿ ಪಡೆದಿವೆ. ಜನರ ಮುಂದೆ ಚಿತ್ರಗಳನ್ನಿಟ್ಟು ಕೇಳಿದಾಗ, ಎರಡರಷ್ಟಕ್ಕೂ ಹೆಚ್ಚು ಬಿಟ್ ಬಳಸಿದ ಹಿಂದಿನ ವಿಧಾನಗಳಿಗಿಂತ ಇದನ್ನೇ ಅವರು ಮೆಚ್ಚಿದರೆಂದು ಆ ಪ್ರಬಂಧ ಹೇಳುತ್ತದೆ. ನಾನು ಅದನ್ನು ನಂಬುತ್ತೇನೆ, ಏಕೆಂದರೆ ಮೊದಲ ಸಂಜೆ ನಾನೂ ಹಾಗೆಯೇ ಮೆಚ್ಚಿದೆ. ವೀರಗಲ್ಲಿನ ಪೂರ್ಣ ಚಿತ್ರವನ್ನು 1600×1200ಕ್ಕೆ ಇಳಿಸಿ 0.14ರ ಮಾದರಿಗೆ ಕೊಟ್ಟಾಗ ಕಡತ 34 ಕೆಬಿಗೆ ಬಂತು. ತೆರೆದರೆ ಕಲ್ಲಿನ ಹರಳು, ಪಾಚಿಯ ಕಲೆ, ವೀರನ ಮುಡಿಯ ಗೀರು ಎಲ್ಲವೂ ಹೊಚ್ಚ ಹೊಸದಾಗಿ ಎದ್ದು ಕಾಣುತ್ತಿದ್ದವು. ಅದೇ 34 ಕೆಬಿಯ ಜೆಪೆಗ್ ಅದರ ಪಕ್ಕದಲ್ಲಿ ಹಂಚಿನ ಚೂರುಗಳನ್ನು ಜೋಡಿಸಿದಂತೆ ಕಾಣುತ್ತಿತ್ತು. ಮೇಷ್ಟ್ರ ಮನೆಯಲ್ಲಿ ಮೊಮ್ಮಗನ ಡೆಸ್ಕ್‌ಟಾಪ್ ಇತ್ತು. ಮರುವಾರವೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, 12 ಜಿಬಿ ಮೆಮೊರಿಯ ಕಾರ್ಡ್ ತಂದು ಅದಕ್ಕೆ ಹಾಕಿಸಿದೆ.

ಮೊದಲ ತೊಡಕು ಸಣ್ಣದು. ನನ್ನ ಲ್ಯಾಪ್‌ಟಾಪಿನ ಪ್ರೊಸೆಸರಿನಲ್ಲಿ ಕುಗ್ಗಿಸಿದ ಕಡತವು ಅವರ ಗ್ರಾಫಿಕ್ಸ್ ಕಾರ್ಡಿನಲ್ಲಿ ತೆರೆಯುವಾಗ ಒಮ್ಮೊಮ್ಮೆ ಅರ್ಧದಿಂದಾಚೆ ಬಣ್ಣದ ಕಲಸುಮೇಲೋಗರವಾಗುತ್ತಿತ್ತು. ಎರಡು ಯಂತ್ರಗಳು ದಶಮಾಂಶ ಸಂಖ್ಯೆಗಳನ್ನು ಕೂಡುವ ಕ್ರಮದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ, ಮುಂದಿನ ಸಂಕೇತವನ್ನು ಊಹಿಸುತ್ತ ಬಿಡಿಸುವ ಈ ಬಗೆಯ ಕಡತದಲ್ಲಿ ಅಲ್ಲಿಂದ ಮುಂದಿನದೆಲ್ಲ ಕೆಡುತ್ತದೆ. ಯೊಹಾನೆಸ್ ಬಾಲೆ ಮತ್ತು ಸಂಗಡಿಗರು 2019ರಲ್ಲೇ ಈ ತೊಂದರೆಯನ್ನು ವಿವರಿಸಿ, ಪೂರ್ಣಾಂಕಗಳಲ್ಲೇ ಲೆಕ್ಕ ಮಾಡುವ ಜಾಲಗಳನ್ನು ಪರಿಹಾರವಾಗಿ ಸೂಚಿಸಿದ್ದರೆಂದು ನನಗೆ ಗೊತ್ತಾದದ್ದು ಕಾರ್ಡ್ ಕೊಂಡ ಮೇಲೆ. ಕೊನೆಗೆ ಎರಡೂ ಕಡೆ ಒಂದೇ ಆವೃತ್ತಿಯ ತಂತ್ರಾಂಶ ಹಾಕಿ, ಅಲ್ಲಿಯೂ ಪ್ರೊಸೆಸರಿನಲ್ಲೇ ತೆರೆಯುವಂತೆ ಮಾಡಿದಾಗ ಸರಿಹೋಯಿತು. 26,000 ರೂಪಾಯಿಯ ಕಾರ್ಡ್ ಪಕ್ಕದಲ್ಲಿ ತಣ್ಣಗೆ ಕುಳಿತಿತ್ತು.

ಎರಡನೆಯ ತೊಡಕಿಗೆ ಪರಿಹಾರವಿಲ್ಲ. ಅದನ್ನು ವಿವರವಾಗಿ ಹೇಳಬೇಕು.

ದೇವಸ್ಥಾನವೊಂದರ ಹಿಂದಿದ್ದ ವೀರಗಲ್ಲಿನಲ್ಲಿ, ಮೂರು ಶಿಲ್ಪಪಟ್ಟಿಕೆಗಳ ನಡುವಿನ ಅಂಚುಗಳಲ್ಲಿ ಬರಹವಿತ್ತು. ರಾಜನ ಹೆಸರಿದ್ದ ಭಾಗ ಒಡೆದುಹೋಗಿ, ಶಕವರ್ಷದ ಅಂಕಿಗಳೂ ಸಂವತ್ಸರದ ಹೆಸರೂ ಉಳಿದಿದ್ದವು. 34 ಕೆಬಿಯ ಹೈಫಿಕ್ ಕಡತವನ್ನು ಕಳಿಸಿದೆ. ಮೇಷ್ಟ್ರು ಅಂದು ಮತ್ತೊಂದು ಚಿತ್ರ ಕೇಳಲಿಲ್ಲ. "ಏನು ಚೆನ್ನಾಗಿ ಬಂದಿದೆಯಪ್ಪಾ, ಕಲ್ಲಿನ ಮುಂದೆ ಕೂತು ಓದಿದ ಹಾಗಾಯಿತು" ಎಂದರು. ನಾನು ಬೈಕು ಹತ್ತಿ ಮನೆಗೆ ಬಂದೆ. ಎಂಟು ದಿನಗಳ ಮೇಲೆ ಅವರ ಫೋನ್ ಬಂತು. "ಸಂವತ್ಸರ ಸಿದ್ಧಾರ್ಥಿ ಅಂತ ಸ್ಪಷ್ಟವಾಗಿದೆ. ಶಕ ೧೦೯೧ ಅಂತಲೂ ಅಷ್ಟೇ ಸ್ಪಷ್ಟವಾಗಿದೆ. ಎರಡೂ ಒಟ್ಟಿಗೆ ಹೇಗೆ ಇದ್ದೀತು? ೧೦೯೧ಕ್ಕೆ ವಿರೋಧಿ ಸಂವತ್ಸರ ಬರಬೇಕು. ಕಲ್ಲುಕುಟಿಗ ತಪ್ಪಿದನೋ, ಆಮೇಲಿನ ಕಾಲದಲ್ಲಿ ಯಾರೋ ಬರೆಸಿದ ಕೂಟಶಾಸನವೋ ಅಂತ ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ."

ನಾನು ಲ್ಯಾಪ್‌ಟಾಪಿನಲ್ಲಿದ್ದ ಮೂಲ ಫೋಟೊವನ್ನು ತೆಗೆದು ನೋಡಿದೆ. ಮೂರನೆಯ ಅಂಕಿ ೬. ಮೇಲ್ಭಾಗ ಸವೆದಿದ್ದರೂ ಕೆಳಗಿನ ಕೊಂಕು ಸಂದೇಹಕ್ಕೆ ಎಡೆಯಿಲ್ಲದಂತೆ ಇತ್ತು. ಶಕ ೧೦೬೧ ಎಂದರೆ ಕ್ರಿ.ಶ. 1139, ಸಂವತ್ಸರ ಸಿದ್ಧಾರ್ಥಿಯೇ. ಅಲ್ಲಿಗೆ ಲೆಕ್ಕ ಸರಿಹೋಯಿತು. ಆದರೆ ಹೈಫಿಕ್ ತೆರೆದ ಚಿತ್ರದಲ್ಲಿ ಅದೇ ಜಾಗದಲ್ಲಿ, ಉಳಿ ಹಿಡಿದು ಕೆತ್ತಿದಷ್ಟೇ ನಿಖರವಾದ, ಅಂಚುಗಳಲ್ಲಿ ನೆರಳೂ ಬಿದ್ದಿದ್ದ, ಒಂದು ೯ ನಿಂತಿತ್ತು. ಈ ಎರಡು ಅಂಕಿಗಳ ನಡುವಿನ ಅಂತರ ಕೊನೆಯ ತಿರುವೊಂದರದು, ಚಿತ್ರದಲ್ಲಿ ಹೆಚ್ಚೆಂದರೆ ನಾಲ್ಕೈದು ಪಿಕ್ಸೆಲ್. ಚರಿತ್ರೆಯಲ್ಲಿ ಅದು ಮೂವತ್ತು ವರ್ಷ. 1139ರಲ್ಲಿ ಕಲ್ಯಾಣದ ಸಿಂಹಾಸನದ ಮೇಲೆ ಇದ್ದವನು ಚಾಲುಕ್ಯ ಇಮ್ಮಡಿ ಜಗದೇಕಮಲ್ಲ, 1169ರಲ್ಲಿ ಇದ್ದವನು ಕಳಚುರಿ ಸೋವಿದೇವ. ರಾಜನ ಹೆಸರು ತ್ರುಟಿತವಾಗಿದ್ದ ಆ ಕಲ್ಲಿಗೆ ಕಾಲ ಹೇಳುವ ಆಧಾರವಾಗಿದ್ದದ್ದೇ ಆ ಅಂಕಿ.

ಆಮೇಲೆ ಅದೇ ಫೋಟೊವನ್ನು ಬೇರೆ ಬೇರೆ ಅಳತೆಗಳಿಗೆ ಇಳಿಸಿ ನೋಡಿದೆ. 0.45ರ ಮಾದರಿಯಲ್ಲಿ ೬ ಉಳಿಯಿತು. 0.30ರಲ್ಲಿ ಎರಡೂ ಅಲ್ಲದ, ಆದರೆ ಚೊಕ್ಕಟವಾಗಿ ಕೆತ್ತಿದ ಒಂದು ಆಕೃತಿ ಬಂತು. 0.14ರಲ್ಲಿ ೯. ಅದೇ 34 ಕೆಬಿಯ ಎವಿಐಎಫ್‌ನಲ್ಲಿ ಆ ಜಾಗದಲ್ಲಿ ಒಂದು ಬೂದು ಕಲೆ ಇತ್ತು, ಅಷ್ಟೇ. ಆ ಕಲೆಯನ್ನು ಮೇಷ್ಟ್ರು ನೋಡಿದ್ದರೆ ಅದೇ ಸಂಜೆ ಫೋನ್ ಮಾಡಿ ಇನ್ನೊಂದು ಚಿತ್ರ ಕೇಳುತ್ತಿದ್ದರು. ನಾನಿನ್ನೂ ಕಲ್ಲಿನ ಬಳಿಯೇ ಇರುತ್ತಿದ್ದೆ.

ಶಾಸನಪಾಠ ಸಿದ್ಧಪಡಿಸುವವರಿಗೆ ಈ ಮಾತು ಹೊಸದೇನಲ್ಲ. ಓದಲಾಗದ ಅಕ್ಷರದ ಜಾಗದಲ್ಲಿ ಚುಕ್ಕೆಗಳನ್ನು ಹಾಕುತ್ತಾರೆ, ಊಹಿಸಿದ್ದನ್ನು ಕಂಸದೊಳಗೆ ಇಡುತ್ತಾರೆ, ಮುಂದೆ ಬರುವವರು ಕಂಸವನ್ನು ನೋಡಿ ಎಚ್ಚರಗೊಳ್ಳುತ್ತಾರೆ. ತಾಳೆಗರಿಗಳನ್ನು ಪ್ರತಿ ಮಾಡಿದ ಲಿಪಿಕಾರರ ವಿಷಯದಲ್ಲಿಯೂ ಗ್ರಂಥ ಸಂಪಾದಕರು ಹೇಳುವುದು ಇದನ್ನೇ: ಅರ್ಥ ತಿಳಿಯದೆ ಕಂಡಂತೆ ಗೀಚಿದವನ ತಪ್ಪು ಓದಿದ ಕೂಡಲೇ ಸಿಕ್ಕಿಬೀಳುತ್ತದೆ, ಛಂದಸ್ಸನ್ನೂ ಬಲ್ಲ ಜಾಣನು ತಿದ್ದಿ ಬರೆದದ್ದು ನೂರು ವರ್ಷ ಪಾಠವಾಗಿಯೇ ಉಳಿಯುತ್ತದೆ. ಹೈಫಿಕ್‌ನಂಥವು ಆ ಜಾಣ ಲಿಪಿಕಾರನ ಜಾತಿಗೆ ಸೇರಿದವು. ಅವು ಊಹಿಸುತ್ತವೆ ಎಂಬುದಕ್ಕೆ ನನ್ನ ತಕರಾರಿಲ್ಲ. ಊಹೆಗೆ ಕಂಸ ಹಾಕುವುದಿಲ್ಲ ಎಂಬುದಕ್ಕೆ ಇದೆ.

ಇದು ಎಐ ಕಾಲದ ಹೊಸ ರೋಗವೂ ಅಲ್ಲ. 2013ರ ಆಗಸ್ಟಿನಲ್ಲಿ ಡೇವಿಡ್ ಕ್ರೀಸೆಲ್ ಎಂಬ ಜರ್ಮನ್ ಕಂಪ್ಯೂಟರ್ ವಿಜ್ಞಾನಿ, ಝೆರಾಕ್ಸ್ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ಕಟ್ಟಡದ ನಕ್ಷೆಯೊಂದರಲ್ಲಿ 21.11 ಚದರ ಮೀಟರಿನ ಕೋಣೆಯ ಅಳತೆ 14.13 ಎಂದಾಗಿದ್ದುದನ್ನು ತೋರಿಸಿದರು. ಜೆಬಿಗ್ 2 ಎಂಬ ಸಂಕೋಚನ ವಿಧಾನದಲ್ಲಿ, ಒಂದರಂತೆ ಇನ್ನೊಂದಿರುವ ಅಂಕಿತುಣುಕುಗಳನ್ನು ಒಂದೇ ಎಂದು ಬಗೆದು, ಒಂದರ ಜಾಗದಲ್ಲಿ ಮತ್ತೊಂದನ್ನು ಅಂಟಿಸಿದ್ದೇ ಅದಕ್ಕೆ ಕಾರಣ. ಅಲ್ಲಿಯೂ ಕಾಗದ ಮಸುಕಾಗಿರಲಿಲ್ಲ, ಅಂಕಿ ಸ್ಪಷ್ಟವಾಗಿತ್ತು, ಆದರೆ ತಪ್ಪಾಗಿತ್ತು. ಇನ್ನು ನರಜಾಲಗಳ ಮಟ್ಟಿಗೆ, ಇದು ಯಾರೋ ತಿದ್ದಿ ಸರಿಮಾಡಬಹುದಾದ ದೋಷವಲ್ಲವೆಂದು ಯೊಖಾಯ್ ಬ್ಲೌ ಮತ್ತು ತೋಮರ್ ಮಿಖಾಯೆಲಿ 2018 ಮತ್ತು 2019ರ ತಮ್ಮ ಪ್ರಬಂಧಗಳಲ್ಲಿ ಗಣಿತದಿಂದಲೇ ತೋರಿಸಿದ್ದಾರೆ. ಬಿಟ್‌ಗಳ ಸಂಖ್ಯೆ ಕಡಿಮೆಯಿದ್ದಾಗ, ಚಿತ್ರವು ನಿಜವಾದ ಫೋಟೊದಂತೆ ಕಾಣಬೇಕೆಂಬ ಒತ್ತಾಯ ಹೆಚ್ಚಿದಷ್ಟೂ ಅದು ಮೂಲದಿಂದ ದೂರ ಸರಿಯಲೇಬೇಕು. ಆ ದೂರಕ್ಕೂ ಒಂದು ಮಿತಿಯಿದೆ, ವರ್ಗದೋಷದ ಸರಾಸರಿ (ಮೂಲಕ್ಕೂ ತೆರೆದ ಚಿತ್ರಕ್ಕೂ ಇರುವ ವ್ಯತ್ಯಾಸಗಳ ವರ್ಗಗಳ ಸರಾಸರಿ) ಎರಡರಷ್ಟನ್ನು ಮೀರಬೇಕಾಗಿಲ್ಲ ಎಂಬ ಸಮಾಧಾನವನ್ನೂ ಅವರು ಕೊಟ್ಟಿದ್ದಾರೆ. ಸರಾಸರಿಯ ಸಮಾಧಾನ ನನಗೆ ಪ್ರಯೋಜನಕ್ಕೆ ಬರಲಿಲ್ಲ. ಕಲ್ಲಿನ ಮೇಲಿದ್ದ ೬ ಒಂದೇ ಒಂದು.

ಸ್ಟೇಬಲ್ ಡಿಫ್ಯೂಷನ್‌ನ ದಾರಿ

ಎರಡನೆಯ ಪ್ರಯೋಗಕ್ಕೆ ಪ್ರೇರಣೆ, 2022ರಲ್ಲಿ, ಮಾತಿನ ವರ್ಣನೆಯಿಂದ ಚಿತ್ರ ಬರೆಯುವ ಸ್ಟೇಬಲ್ ಡಿಫ್ಯೂಷನ್ ಎಂಬ ಎಐ ಮಾದರಿ ಎಲ್ಲರಿಗೂ ತೆರೆದ ಸ್ವಲ್ಪ ದಿನಕ್ಕೇ ಮಥಿಯಾಸ್ ಬೂಲ್ಮನ್ ಎಂಬ ತಂತ್ರಜ್ಞರು ಮಾಡಿ ತೋರಿಸಿದ ಒಂದು ಚಮತ್ಕಾರ. ಈ ಮಾದರಿಯೊಳಗೆ 512×512ರ ಬಣ್ಣದ ಚಿತ್ರವನ್ನು 64×64ರ ನಾಲ್ಕು ಪದರಗಳಿಗೆ ಇಳಿಸುವ ಒಂದು ಭಾಗವಿದೆ. 7,86,432 ಸಂಖ್ಯೆಗಳು 16,384 ಆಗುತ್ತವೆ, ಅಂದರೆ 48ರಲ್ಲಿ ಒಂದು ಪಾಲು. ಅದನ್ನು ಮತ್ತಷ್ಟು ಒರಟಾಗಿ ದಾಖಲಿಸಿ ಅವರು ಒಂದು ಚಿತ್ರವನ್ನು ಸುಮಾರು 5 ಕೆಬಿಗೆ ತಂದಿದ್ದರು. ಮುಖಗಳೂ ಸಣ್ಣ ಬರಹವೂ ಕೆಡುತ್ತವೆಂದು ಅವರೇ ಒಪ್ಪಿಕೊಂಡಿದ್ದರು. ಆ ಸಾಲನ್ನು ನಾನು ಓದಿಯೂ ಓದದವನಂತೆ ಮುಂದೆ ಹೋದೆ.

ಲೆಕ್ಕದಲ್ಲಿಯೇ ನಾನು ಮೊದಲು ಸೋತೆ. 4000×3000ರ ಫೋಟೊವನ್ನು 512ರ ತುಂಡುಗಳಾಗಿ ಒಡೆದರೆ 48 ತುಂಡುಗಳಾಗುತ್ತವೆ. ಸಂಖ್ಯೆಗೊಂದು ಬೈಟ್ ಹಿಡಿದು ತುಂಡಿಗೆ 16 ಕೆಬಿಯಂತೆ 768 ಕೆಬಿ, 5 ಕೆಬಿಯಂತೆ ಹಿಡಿದರೂ 240 ಕೆಬಿ. ಚಿತ್ರವನ್ನು ಅರ್ಧಕ್ಕೆ ಇಳಿಸಿ 12 ತುಂಡು ಮಾಡಿದರೆ 60 ಕೆಬಿ, ನನ್ನ ಗುರಿಗಿಂತ ಅದೂ ಹೆಚ್ಚೇ. ತುಂಡುಗಳ ಬೆಸುಗೆಯಲ್ಲಿ ಬಣ್ಣ ಸ್ವಲ್ಪ ಹೆಚ್ಚುಕಡಿಮೆಯಾಗಿ ಕಲ್ಲು ಚೌಕಾಬಾರದ ಮನೆಯಂತೆ ಕಾಣುತ್ತಿತ್ತು. ಅಕ್ಷರಗಳ ಸ್ಥಿತಿ ಹೈಫಿಕ್‌ಗಿಂತ ಕೆಟ್ಟದ್ದು: ಪ, ವ, ಮ ಎಲ್ಲವೂ ಒಂದೇ ಬಗೆಯ ಸುರುಳಿಗಳಾಗಿ, ಯಾವ ಲಿಪಿಗೂ ಸೇರದ ಆದರೆ ಲಿಪಿಯಂತೆಯೇ ತೋರುವ ಸಾಲುಗಳು ಬಂದವು. ಒಂದು ದೃಷ್ಟಿಯಿಂದ ಇದು ಹೈಫಿಕ್‌ಗಿಂತ ಪ್ರಾಮಾಣಿಕ, ಏಕೆಂದರೆ ಮೇಷ್ಟ್ರು ಅದನ್ನು ನೋಡಿದ ತಕ್ಷಣ "ಇದೇನು, ಮಗು ಗೀಚಿದ್ದೇ?" ಎಂದರು. ಕಾರ್ಡಿಗೆ ನಿಜವಾದ ಕೆಲಸ ಸಿಕ್ಕಿದ್ದು ಮಾತ್ರ ಈ ಪ್ರಯೋಗದಲ್ಲಿ. ಚಿತ್ರ ಐದಾರು ಸೆಕೆಂಡಿನಲ್ಲಿ ತೆರೆಯುತ್ತಿತ್ತು, ಫ್ಯಾನಿನ ಸದ್ದಿಗೆ ಮೇಷ್ಟ್ರ ಮನೆಯವರು ಕೋಣೆಯ ಬಾಗಿಲು ಹಾಕುತ್ತಿದ್ದರು.

ಚಿಕ್ಕದಾಗಿ ಕಳಿಸಿ, ದೊಡ್ಡದು ಮಾಡಿಸುವುದು

ಮೂರನೆಯ ದಾರಿಗೆ ಕಳಿಸುವ ಕಡೆ ಏನೂ ಬೇಡ. 1000×750ಕ್ಕೆ ಇಳಿಸಿದ ಸಾಧಾರಣ ಜೆಪೆಗ್ ಕಳಿಸಿದರೆ, ಅಲ್ಲಿ 2021ರ ರಿಯಲ್-ಇಎಸ್ಆರ್‌ಗ್ಯಾನ್ ಎಂಬ ನರಜಾಲ ಅದನ್ನು ನಾಲ್ಕು ಪಟ್ಟು ದೊಡ್ಡದು ಮಾಡುತ್ತದೆ. ಸುಲಭದ ದೃಷ್ಟಿಯಿಂದ ಇದಕ್ಕೆ ಮೊದಲ ಸ್ಥಾನ. ಲ್ಯಾಪ್‌ಟಾಪನ್ನು ಹೊತ್ತೊಯ್ಯುವ ಕೆಲಸವೂ ತಪ್ಪುತ್ತದೆ, ಫೋನೇ ಸಾಕು. ಆದರೆ ಇದು ಗೀರುಗಳನ್ನು ಪ್ರೀತಿಸುತ್ತದೆ. ಪಾಚಿ ಒಣಗಿ ಉಳಿದ ಬಿಳಿ ಕಲೆಯ ಅಂಚನ್ನು ತೀಡಿ ತೀಡಿ ಕೊಂಬು, ಏತ್ವಗಳನ್ನು ಮಾಡಿಕೊಡುತ್ತದೆ, ನಿಜವಾಗಿ ಸವೆದ ತೆಳುಗೆರೆಯನ್ನು ಕಲ್ಲಿನ ಒರಟು ಎಂದು ತಿಳಿದು ನುಣ್ಣಗೆ ಒರೆಸಿಬಿಡುತ್ತದೆ. ಒಂದು ವ್ಯತ್ಯಾಸವನ್ನು ಇಲ್ಲಿ ಒಪ್ಪಬೇಕು. ಈ ದಾರಿಯಲ್ಲಿ ಚಿಕ್ಕ ಜೆಪೆಗ್ ಮೇಷ್ಟ್ರ ಕೈಯಲ್ಲಿಯೇ ಇರುತ್ತದೆ, ಬೇಕೆಂದಾಗ ಯಂತ್ರದ ಕೈವಾಡವಿಲ್ಲದ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಬಹುದು. ಹೈಫಿಕ್‌ನಲ್ಲಿ ಅಂಥ ಪಕ್ಕದ ಚಿತ್ರವೇ ಇಲ್ಲ, ತೆರೆದದ್ದೊಂದೇ ಗತಿ.

ಬರೀ ವರ್ಣನೆಯನ್ನು ಕಳಿಸಿ ಅಲ್ಲಿ ಚಿತ್ರ ಬರೆಸುವ ವಿಧಾನವನ್ನೂ ಒಂದು ಭಾನುವಾರ ನೋಡಿದೆ. 200 ಬೈಟ್ ಸಾಕಾಯಿತು, ವೀರಗಲ್ಲು ಬಂತು, ನಮ್ಮ ವೀರಗಲ್ಲು ಬರಲಿಲ್ಲ. ಜೆಪೆಗ್ ಎಐ ಎಂಬ, ನರಜಾಲ ಕಲಿತು ಮಾಡುವ ಸಂಕೋಚನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಮಾನಕದ ಮುದ್ರೆ ಬಿದ್ದಿದೆ. ನನ್ನ ಫೋನಿನಲ್ಲಿ ಅದಿಲ್ಲವಾದ್ದರಿಂದ ಹೋಲಿಕೆಗೆ ತಂದಿಲ್ಲ. ಜೆಪೆಗ್ ಎಕ್ಸ್‌ಎಲ್ ಕೂಡ ಮೇಷ್ಟ್ರ ಹಳೆಯ ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆಯದೆ ಮೊದಲ ದಿನವೇ ಹೊರಗುಳಿಯಿತು.

ಎವಿಐಎಫ್

ಇದರ ಬಗ್ಗೆ ಹೊಗಳಿ ಬರೆಯಲು ಹೆಚ್ಚೇನೂ ಇಲ್ಲ, ಅದೇ ಇದರ ಗುಣ. 2019ರಲ್ಲಿ ಬಂದ ಇದು ಎವಿ1 ಎಂಬ ವಿಡಿಯೊ ಸಂಕೋಚನದ ಒಂದೇ ಫ್ರೇಮನ್ನು ಚಿತ್ರವಾಗಿ ಇಟ್ಟುಕೊಂಡ ರೂಪ. ಒಳಗೆ ಇಂದಿಗೂ ನಾಸಿರ್ ಅಹ್ಮದರ ಕೊಸೈನ್ ಲೆಕ್ಕದ ವಂಶಸ್ಥರೇ ಇದ್ದಾರೆ, ಆದರೆ 8×8 ಎಂಬ ಕಟ್ಟುಪಾಡಿಲ್ಲದೆ, ಬಯಲು ಜಾಗಕ್ಕೆ ದೊಡ್ಡ ತುಂಡು, ಅಕ್ಷರವಿರುವಲ್ಲಿ ಸಣ್ಣ ತುಂಡು ಎಂದು ಚಿತ್ರವನ್ನು ಒಡೆದುಕೊಳ್ಳುತ್ತದೆ. ಕುಗ್ಗಿಸುವುದು ನಿಧಾನ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಉತ್ತಮ ಗುಣಮಟ್ಟಕ್ಕೆ ಇಟ್ಟರೆ ಒಂದು ಚಿತ್ರಕ್ಕೆ ಇಪ್ಪತ್ತು ಸೆಕೆಂಡ್ ತಗಲುತ್ತದೆ. ಮೇಷ್ಟ್ರ ಕಂಪ್ಯೂಟರಿನಲ್ಲಿ ಡಬಲ್ ಕ್ಲಿಕ್ ಮಾಡಿದರೆ ತೆರೆಯುವುದಿಲ್ಲ, ಬ್ರೌಸರಿನ ಕಿಟಕಿಗೆ ಎಳೆದು ಹಾಕಬೇಕು. ಎರಡು ತಿಂಗಳು ಅವರಿಗೆ ಇದನ್ನು ಫೋನಿನಲ್ಲಿ ಹೇಳಿಕೊಟ್ಟೆ, ಈಗ ಅವರೇ ಬೇರೆಯವರಿಗೆ ಹೇಳಿಕೊಡುತ್ತಾರೆ.

ಎವಿಐಎಫ್ ಕೂಡ ಸತ್ಯಹರಿಶ್ಚಂದ್ರನೇನಲ್ಲ. ಎವಿ1ರಲ್ಲಿ ಚಿತ್ರದ ಕಾಳುಕಾಳಾದ ಒರಟನ್ನು ಕಳಿಸುವಾಗ ತೆಗೆದುಹಾಕಿ, ತೆರೆಯುವಾಗ ಅದೇ ಬಗೆಯ ಕೃತಕ ಒರಟನ್ನು ಸಿಂಪಡಿಸುವ ಒಂದು ಸೌಲಭ್ಯವಿದೆ. ಅದೂ ಒಂದು ಬಗೆಯ ಕಲ್ಪನೆಯೇ. ನಾನು ಅದನ್ನು ಆರಿಸಿಟ್ಟಿದ್ದೇನೆ. ಬಿಟ್ ಕಡಿಮೆಯಾದಾಗ ಇದು ಕಲ್ಲನ್ನು ಸಾಬೂನಿನಂತೆ ನುಣುಪು ಮಾಡಿ, ಆಳವಿಲ್ಲದ ಅಕ್ಷರಗಳನ್ನು ಪೂರ್ತಿ ನುಂಗುವುದೂ ಉಂಟು. ಹಾಗೆ ನುಂಗಿದ ಜಾಗ ನುಂಗಿದಂತೆಯೇ ಕಾಣುತ್ತದೆ ಎಂಬುದಕ್ಕಾಗಿ ಅದನ್ನು ಕ್ಷಮಿಸಿದ್ದೇನೆ.

ನಿಜವಾದ ಉಳಿತಾಯ ಬಂದದ್ದು ಕೋಡೆಕ್ಕಿನಿಂದಲ್ಲ, ಅಂದರೆ ಕುಗ್ಗಿಸಿ ಬಿಡಿಸುವ ವಿಧಾನದಿಂದಲ್ಲ, ನನ್ನ ಅಭ್ಯಾಸವನ್ನು ಬದಲಿಸಿಕೊಂಡದ್ದರಿಂದ. ಮೊದಲು ಇಡೀ ಕಲ್ಲನ್ನು ಒಂದೇ ಚಿತ್ರದಲ್ಲಿ ಕಳಿಸುತ್ತಿದ್ದೆ, ಅಕ್ಷರದ ಎತ್ತರ ಇಪ್ಪತ್ತು ಪಿಕ್ಸೆಲ್ ಮುಟ್ಟುತ್ತಿರಲಿಲ್ಲ. ಈಗ ಇಡೀ ಕಲ್ಲಿಗೆ 12 ಕೆಬಿಯ ಒಂದು ಒರಟು ಚಿತ್ರ, ಬರಹವಿರುವ ಅಂಚುಗಳನ್ನಷ್ಟೇ ಕತ್ತರಿಸಿ, ಬಣ್ಣ ತೆಗೆದು, 3000×400ರ ಪಟ್ಟಿಗಳಾಗಿ ತಲಾ 25ರಿಂದ 30 ಕೆಬಿಯ ಚಿತ್ರ. ಮೂರು ಪಟ್ಟಿಯಾದರೂ ಒಟ್ಟು 100 ಕೆಬಿ, ಎಡ್ಜ್‌ನಲ್ಲಿ ಹತ್ತು ಸೆಕೆಂಡ್. ಪಟ್ಟಿಯಲ್ಲಿ ಅಕ್ಷರಗಳು ಅರವತ್ತು ಪಿಕ್ಸೆಲ್ ಎತ್ತರಕ್ಕೆ ಬರುತ್ತವೆ, ಆ ಅಳತೆಯಲ್ಲಿ ೬ ಮತ್ತು ೯ರ ತಿರುವು ಎವಿಐಎಫ್‌ನಲ್ಲಿ ಒಮ್ಮೆಯೂ ಕೆಟ್ಟಿಲ್ಲ. ಕಲ್ಲಿಗೆ ಬಣ್ಣವಿದ್ದೇನು ಪ್ರಯೋಜನ, ಓದುವುದು ನೆರಳನ್ನು. ಪಕ್ಕದಿಂದ ಓರೆಯಾಗಿ ಬೀಳುವ ಟಾರ್ಚ್ ಬೆಳಕಿನಲ್ಲಿ ಸಂಜೆಯ ಮೇಲೆ ತೆಗೆದ ಒಂದು ಫೋಟೊ, ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಹತ್ತಕ್ಕೆ ಸಮ. ಅಕ್ಷರಕ್ಕೆ ಸುಣ್ಣವನ್ನೋ ಹಿಟ್ಟನ್ನೋ ಬಳಿದು ತೆಗೆಯುವವರು ಇಂದಿಗೂ ಇದ್ದಾರೆ. ಅವರಿಗೆ ಯಾವ ಕೋಡೆಕ್ಕನ್ನೂ ಸೂಚಿಸುವ ಮನಸ್ಸು ನನಗಿಲ್ಲ.

ಯಾರಿಗೆ ಯಾವುದು

ಸಂಬಳದಿಂದ ತಿಂಗಳಿಗೆ ಎರಡು ಸಾವಿರ ರೂಪಾಯಿ ಪೆಟ್ರೋಲಿಗೆ ಎತ್ತಿಡುವ ನನ್ನಂಥ ಹವ್ಯಾಸಿಗೆ, ಎದುರಿನವರು ಅಕ್ಷರ ಓದಬೇಕಾಗಿರುವಾಗ, ಎವಿಐಎಫ್ ಅಲ್ಲದೆ ಬೇರೆ ಆಯ್ಕೆಯಿಲ್ಲ. ಓದುವ ಬರಹವಿಲ್ಲದ, ನೋಡಿ ಸಂತೋಷಪಡುವ ಚಿತ್ರಗಳ ಮಾತು ಬೇರೆ. ಬನವಾಸಿಯ ಮಧುಕೇಶ್ವರ ದೇವಾಲಯದ ಹೊರನೋಟ, ಮಳೆಗಾಲದ ಗದ್ದೆ, ಕಾಡಿನ ಅಂಚು ಇಂಥವುಗಳಲ್ಲಿ ಹೈಫಿಕ್‌ನ ಚಿತ್ರ ಅದೇ ಅಳತೆಯ ಎವಿಐಎಫ್‌ಗಿಂತ ಸ್ಪಷ್ಟವಾಗಿ ಚೆಂದ. ಒಂದು ಎಲೆಯ ಜಾಗದಲ್ಲಿ ಇನ್ನೊಂದು ಎಲೆ ಮೂಡಿದರೆ ಯಾರ ಗಂಟೇನೂ ಹೋಗುವುದಿಲ್ಲ. ಸಾವಿರಾರು ಚಿತ್ರಗಳನ್ನು ದಿನವೂ ಕಳಿಸುವ, ಎರಡೂ ತುದಿಯ ಯಂತ್ರಗಳು ತಮ್ಮವೇ ಆಗಿರುವ ದೊಡ್ಡ ಸಂಸ್ಥೆಗಳಿಗೆ ಆ ಲೆಕ್ಕ ಹೊಂದಬಹುದು. ಒಬ್ಬ ಮೇಷ್ಟ್ರು, ಒಬ್ಬ ಶಿಷ್ಯ, ವಾರಕ್ಕೆ ಹತ್ತು ಚಿತ್ರ ಎಂಬ ನಮ್ಮ ವ್ಯವಹಾರಕ್ಕೆ ಹೊಂದಲಿಲ್ಲ. ಕಾರ್ಡ್ ಈಗ ಮೇಷ್ಟ್ರ ಮೊಮ್ಮಗನ ಆಟಗಳಿಗೆ ಬಹಳ ಒಳ್ಳೆಯ ಸೇವೆ ಸಲ್ಲಿಸುತ್ತಿದೆ.

ಸಿದ್ಧಾರ್ಥಿಯ ಕಲ್ಲಿಗೆ ನಾನು ಮತ್ತೊಮ್ಮೆ ಹೋಗಿ, ಟಾರ್ಚ್ ಹಿಡಿದು, ಪಟ್ಟಿಪಟ್ಟಿಯಾಗಿ ತೆಗೆದು ಕಳಿಸಿದೆ. ಮೇಷ್ಟ್ರು ಕಲ್ಲುಕುಟಿಗನ ತಪ್ಪಿನ ಬಗ್ಗೆ ಬರೆದಿಟ್ಟಿದ್ದ ಟಿಪ್ಪಣಿಯ ಒಂದೂವರೆ ಪುಟವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಅಂದಿನಿಂದ ಪ್ರತಿ ಚಿತ್ರ ಹೋದಾಗಲೂ ಅವರ ಮೊದಲ ಪ್ರಶ್ನೆ, "ಇದು ಕ್ಯಾಮೆರಾ ಕಂಡದ್ದೋ, ಯಂತ್ರ ಬರೆದದ್ದೋ?" ಎಂದು. ಅದಕ್ಕಾಗಿ ಈಗ ಕಡತದ ಹೆಸರಿನಲ್ಲಿಯೇ ಊರು, ತಾರೀಖುಗಳ ಮುಂದೆ, ಕುಗ್ಗಿಸಿದ ವಿಧಾನವನ್ನೂ ಬರೆದು ಕಳಿಸುತ್ತಿದ್ದೇನೆ.